ಮದ್ದು ಗೊತ್ತಿರದೆ ಬರೆದಿಟ್ಟ ಇನ್ನೂರು ಪುಟ

ಮುಂಬೈ ಸೀಮೆಗೆ ಕೆಲಸಕ್ಕೆ ಬಂದ ಕನ್ನಡಿಗರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ನಿಮ್ಮ ಕಡೆ ಅಕ್ಕನ ಮಗಳನ್ನೇ ಮದುವೆಯಾಗುತ್ತಾರಂತಲ್ಲ, ನಿಜವೇ ಅಂತ. ನಾನಿರುವುದು ಡೊಂಬಿವಲಿಯಲ್ಲಿ, ಕಚೇರಿ ನವಿ ಮುಂಬೈಯ ಐರೋಲಿಯಲ್ಲಿ. ನಮ್ಮ ತಂಡದ ಮರಾಠಿ ಗೆಳೆಯರಿಗೆ ಸೋದರಮಾವನ ಮಗಳನ್ನು ತರುವುದು ಕೇಳಿ ಗೊತ್ತಿರುವ ವಿಷಯ. ಆದರೆ ಸೋದರಮಾವನಿಗೇ ಹೆಣ್ಣು ಕೊಡುವುದೆಂದರೆ ಹುಬ್ಬೇರಿಸುತ್ತಾರೆ. ಗೊತ್ತಿರುವ ಮನೆ, ಹುಡುಗಿ ಕಣ್ಣೆದುರಿಗೇ ಇರುತ್ತಾಳೆ, ಹೊಲಮನೆ ಒಡೆಯುವುದಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಕಾರಣಗಳನ್ನೇ ನಾನೂ ಹೇಳುತ್ತೇನೆ. ಹೇಳುವಾಗ ನನ್ನ ಮನಸ್ಸಿಗೆ ಬರುವುದು ಮಾತ್ರ 1937ರಲ್ಲಿ ತೀರಿಕೊಂಡ ಲಂಡನ್ನಿನ ಒಬ್ಬ ನರರೋಗ ವೈದ್ಯರು. ಅವರ ಹೆಸರು ಸ್ಯಾಮ್ಯುಯೆಲ್ ಅಲೆಗ್ಸಾಂಡರ್ ಕಿನ್ನಿಯರ್ ವಿಲ್ಸನ್. ಲಿವರ್ ಮತ್ತು ಮೆದುಳು ಎರಡನ್ನೂ ಹಿಡಿಯುವ ವಿಲ್ಸನ್ಸ್ ಕಾಯಿಲೆಗೆ ಆ ಹೆಸರು ಬಂದದ್ದು ಅವರಿಂದ.

ಅವರ ಪರಿಚಯ ನನಗಾದದ್ದು ನಮ್ಮ ಮನೆತನದಿಂದಲೇ. ಹಾವೇರಿ ಜಿಲ್ಲೆಯಲ್ಲಿರುವ ನನ್ನ ಚಿಕ್ಕಮ್ಮನನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು. ಒಬ್ಬ ಮಗ, ಒಬ್ಬಳು ಮಗಳು. ಹುಡುಗನಿಗೆ ಹನ್ನೆರಡು ವರ್ಷವಿದ್ದಾಗ ಕಾಮಾಲೆ ಬಂತು. ಊರ ಔಷಧಿ ಕುಡಿಸಿದರು, ಕಣ್ಣಿನ ಹಳದಿ ಇಳಿಯಿತು, ಎಲ್ಲರೂ ಮರೆತರು. ಎರಡು ವರ್ಷದ ಮೇಲೆ ಅವನ ಕೈಬರಹ ಕೆಟ್ಟಿತು. ಮುತ್ತಿನಂತೆ ಬರೆಯುತ್ತಿದ್ದವನ ಅಕ್ಷರ ಕೋಳಿ ಕೆದರಿದಂತಾಯಿತು. ಮಾತು ತೊದಲಿತು, ಬಾಯಿಂದ ಜೊಲ್ಲು ಇಳಿಯತೊಡಗಿತು. ಸೋಮಾರಿತನ ಎಂದರು, ಗಾಳಿ ಎಂದರು, ಹರಕೆ ಹೊತ್ತರು. ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ವೈದ್ಯರು ಅವನ ಕಣ್ಣನ್ನು ಯಂತ್ರದ ಬೆಳಕಿನಲ್ಲಿ ನೋಡಿ, ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದು ಬಣ್ಣದ ಉಂಗುರವಿರುವುದನ್ನು ತೋರಿಸಿ, ಕಾಯಿಲೆಯ ಹೆಸರು ಹೇಳಿದರು. ಅಷ್ಟರಲ್ಲಿ ಲಿವರ್ ಬಹಳ ಹಾಳಾಗಿತ್ತು. ಹದಿನಾರು ತುಂಬುವ ಮೊದಲೇ ಅವನು ಹೋದ.

ಕಾಯಿಲೆಯ ಹೆಸರು ಹೇಳಿದ ದಿನವೇ ಆ ವೈದ್ಯರು ಇನ್ನೊಂದು ಮಾತು ಹೇಳಿದ್ದರು. ತಂಗಿಗೆ ಏನೂ ತೊಂದರೆ ಕಾಣದಿದ್ದರೂ ಅವಳ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ ಎಂದು. ಆಗ ಅವಳಿಗೆ ಹನ್ನೊಂದು ವರ್ಷ, ಆಟವಾಡಿಕೊಂಡಿದ್ದ ಹುಡುಗಿ. ಪರೀಕ್ಷೆಯಲ್ಲಿ ಅದೇ ಕಾಯಿಲೆ ಸಿಕ್ಕಿತು. ಅಂದಿನಿಂದ ಮಾತ್ರೆ ನುಂಗುತ್ತಿದ್ದಾಳೆ. ಈಗ ಅವಳಿಗೆ ಇಪ್ಪತ್ತಾರು. ಕಲ್ಯಾಣ್‌ನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಠಾಣೆಗೆ ಕೆಲಸಕ್ಕೆ ಹೋಗುತ್ತಾಳೆ. ಬೆಳಗಿನ ಲೋಕಲ್‌ನ ನೂಕುನುಗ್ಗಲಿನಲ್ಲಿ ನಿಂತೇ ಹೋಗಿ ನಿಂತೇ ಬರುತ್ತಾಳೆ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಅಣ್ಣ, ಮಿಕ್ಕದ್ದು ಬರಿ ಎಂದಳು.

ಒಂದೇ ಮನೆಯಲ್ಲಿ ಅಣ್ಣ ಹೋದ, ತಂಗಿ ಉಳಿದಳು. ನಡುವೆ ಇದ್ದ ವ್ಯತ್ಯಾಸ ಒಂದು ತಿಳಿವಳಿಕೆ, ಅಷ್ಟೇ. ಆ ತಿಳಿವಳಿಕೆ ಎಲ್ಲಿಂದ ಶುರುವಾಯಿತು ಎಂದು ಹುಡುಕುತ್ತಾ ಹೋದಾಗ ನನಗೆ ವಿಲ್ಸನ್ ಸಿಕ್ಕರು.

ಅವರು ಹುಟ್ಟಿದ್ದು 1878ರ ಡಿಸೆಂಬರ್ 6ರಂದು, ಅಮೆರಿಕದ ನ್ಯೂಜೆರ್ಸಿಯ ಸೀಡರ್‌ವಿಲ್ ಎಂಬ ಸಣ್ಣ ಊರಿನಲ್ಲಿ. ತಂದೆ ಐರ್ಲೆಂಡಿನಿಂದ ಬಂದ ಪ್ರೆಸ್ಬಿಟೇರಿಯನ್ ಪಾದ್ರಿ. ಮಗು ಹುಟ್ಟಿದ ಮರುವರ್ಷವೇ ತಂದೆ ತೀರಿಕೊಂಡರು. ತಾಯಿ ಮಗುವನ್ನು ಕಟ್ಟಿಕೊಂಡು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಬಂದರು. ವಿಲ್ಸನ್ ಓದಿದ್ದು, ಬೆಳೆದದ್ದು ಅಲ್ಲಿಯೇ. ಮೊದಲು ಎಂ.ಎ., ಆಮೇಲೆ 1902ರಲ್ಲಿ ವೈದ್ಯ ಪದವಿ, ಮರುವರ್ಷ ಶರೀರಕ್ರಿಯಾ ವಿಜ್ಞಾನದಲ್ಲಿ ಬಿ.ಎಸ್ಸಿ. ಆ ಕಾಲಕ್ಕೆ ನರರೋಗಗಳ ಕಲಿಕೆಗೆ ಪ್ಯಾರಿಸ್ ಕಾಶಿಯಿದ್ದಂತೆ. ಅಲ್ಲಿಗೆ ಹೋಗಿ ಪಿಯರ್ ಮಾರಿ, ಬಬಿನ್‌ಸ್ಕಿಯಂಥ ಗುರುಗಳ ಕೈಕೆಳಗೆ ಕಲಿತರು. 1904ರಲ್ಲಿ ಲಂಡನ್ನಿನ ಕ್ವೀನ್ ಸ್ಕ್ವೇರ್‌ನಲ್ಲಿರುವ ನರರೋಗಗಳ ರಾಷ್ಟ್ರೀಯ ಆಸ್ಪತ್ರೆ ಸೇರಿದರು. ಮುಂದೆ ಬದುಕಿಡೀ ಆ ಆಸ್ಪತ್ರೆಯ ನಂಟು ಬಿಡಲಿಲ್ಲ.

ಕ್ವೀನ್ ಸ್ಕ್ವೇರ್‌ನಲ್ಲಿ ಅವರ ಕಣ್ಣಿಗೆ ಬಿದ್ದದ್ದು ಒಂದು ವಿಚಿತ್ರ ರೋಗ. ಹದಿಹರೆಯದವರಿಗೆ, ಇಪ್ಪತ್ತರ ಆಸುಪಾಸಿನವರಿಗೆ ಬರುತ್ತಿತ್ತು. ಕೈಕಾಲು ನಡುಗುತ್ತಿದ್ದವು, ಮೈ ಬಿಗಿಯುತ್ತಿತ್ತು. ಮಾತು ಅಸ್ಪಷ್ಟವಾಗಿ, ನುಂಗುವುದೂ ಕಷ್ಟವಾಗಿ, ಕೆಲವು ತಿಂಗಳು ಇಲ್ಲವೇ ಕೆಲವು ವರ್ಷಗಳಲ್ಲಿ ಸಾವು ಬರುತ್ತಿತ್ತು. ಪಾರ್ಶ್ವವಾಯುವಿನಲ್ಲಿ ಕಾಣುವ ಲಕ್ಷಣಗಳು ಇದರಲ್ಲಿರಲಿಲ್ಲ. ಸತ್ತ ಮೇಲೆ ದೇಹ ಸೀಳಿ ನೋಡಿದರೆ ಎರಡು ಕಡೆ ಹಾನಿ ಕಾಣುತ್ತಿತ್ತು. ಮೆದುಳಿನ ಆಳದಲ್ಲಿ ಮಸೂರ ಬೇಳೆಯ ಆಕಾರದ ಒಂದು ಭಾಗ ಎರಡೂ ಬದಿಗೆ ಕರಗಿಹೋಗಿರುತ್ತಿತ್ತು. ಜೊತೆಗೆ, ಬದುಕಿದ್ದಾಗ ಯಾರೂ ಅನುಮಾನಿಸದಿದ್ದ ಲಿವರ್ ಗಂಟುಗಂಟಾಗಿ ಕುಗ್ಗಿ ಗಟ್ಟಿಯಾಗಿರುತ್ತಿತ್ತು. ವೈದ್ಯರು ಸಿರೋಸಿಸ್ ಎನ್ನುವುದು ಇದನ್ನೇ. ಕುಡುಕರಿಗೆ ಬರುವ ಕಾಯಿಲೆ ಎಂದು ಜನ ತಿಳಿದಿದ್ದ ಸ್ಥಿತಿ ಹೆಂಡ ಮುಟ್ಟದ ಹುಡುಗ ಹುಡುಗಿಯರಲ್ಲಿ ಇತ್ತು.

ಇಂಥ ರೋಗಿಗಳನ್ನು ನೋಡಿದವರಲ್ಲಿ ವಿಲ್ಸನ್ ಮೊದಲಿಗರಲ್ಲ. ಅದೇ ಆಸ್ಪತ್ರೆಯ ಹಿರಿಯ ಗವರ್ಸ್ 1888ರಲ್ಲಿ, ಆರ್ಮೆರಾಡ್ 1890ರಲ್ಲಿ ಇಂಥದ್ದನ್ನು ದಾಖಲಿಸಿದ್ದರು. ಗವರ್ಸ್ ಕಂಡ ರೋಗಿಗಳು ಒಡಹುಟ್ಟಿದ ಅಣ್ಣತಂಗಿಯರು. ಆದರೆ ಅವು ಬಿಡಿಬಿಡಿ ಟಿಪ್ಪಣಿಗಳಾಗಿ ಉಳಿದಿದ್ದವು. ವಿಲ್ಸನ್ ತಾವೇ ನೋಡಿದ 4 ರೋಗಿಗಳ ವಿವರವನ್ನು ಈ ಹಳೆಯ ದಾಖಲೆಗಳ ಪಕ್ಕದಲ್ಲಿಟ್ಟು, ಇವೆಲ್ಲ ಒಂದೇ ರೋಗ ಎಂದು ತೋರಿಸಿದರು. ಇದೇ ವಿಷಯದ ಪ್ರಬಂಧಕ್ಕೆ 1911ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಎಂ.ಡಿ. ಪದವಿ, ಜೊತೆಗೆ ಚಿನ್ನದ ಪದಕ ಕೊಟ್ಟಿತು. 1912ರಲ್ಲಿ ಬ್ರೈನ್ ಎಂಬ ನಿಯತಕಾಲಿಕದಲ್ಲಿ ಅದು ಅಚ್ಚಾಯಿತು. ಒಂದೇ ಲೇಖನ, ಇನ್ನೂರಕ್ಕೂ ಹೆಚ್ಚು ಪುಟ. ಆಗ ಅವರ ವಯಸ್ಸು 33. ನಾನೂ ಹೆಚ್ಚುಕಡಿಮೆ ಅದೇ ವಯಸ್ಸಿನವನು. ಎಂ.ಟೆಕ್. ಪ್ರಬಂಧಕ್ಕೆ ಎಂಬತ್ತು ಪುಟ ತುಂಬಿಸಲು ಪಟ್ಟ ಪಾಡು ನನಗಿನ್ನೂ ನೆನಪಿದೆ.

ಸಾಫ್ಟ್‌ವೇರ್ ಕೆಲಸದವರಿಗೆ ಈ ಲೇಖನದ ಗುಣ ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಬಗ್ ಸಿಕ್ಕರೆ ಮೊದಲು ಅದನ್ನು ಸರಿಯಾಗಿ ಬರೆದಿಡಬೇಕು. ಏನು ಕಂಡಿತು, ಯಾವ ಕ್ರಮದಲ್ಲಿ ಕಂಡಿತು, ಯಾವುದು ಕಾಣಲಿಲ್ಲ ಎಂಬುದೆಲ್ಲ ಅದರಲ್ಲಿರಬೇಕು. ಕಾರಣ ಇದಿರಬಹುದು ಎಂಬ ಊಹೆಯನ್ನು ಬೇರೆ ಸಾಲಿನಲ್ಲಿ ಬರೆಯಬೇಕು. ಹಾಗೆ ಬರೆದರೆ ಬರೆದವನು ಕೆಲಸ ಬಿಟ್ಟು ಹೋದರೂ ಮುಂದಿನವನು ಅದನ್ನು ಹಿಡಿದು ಬಗೆಹರಿಸಬಲ್ಲ. ಊಹೆ ಮತ್ತು ಕಂಡದ್ದು ಕಲಸಿಹೋದರೆ ಯಾರಿಗೂ ಉಪಯೋಗವಿಲ್ಲ. ವಿಲ್ಸನ್ ಬರೆದದ್ದು ಅಂಥ ದಾಖಲೆ. ನಡುಕ ಹೇಗೆ ಶುರುವಾಯಿತು, ಯಾವ ಕೈಯಲ್ಲಿ, ಬಿಗಿತ ಎಲ್ಲೆಲ್ಲಿ, ಸೂಕ್ಷ್ಮದರ್ಶಕದಲ್ಲಿ ಮೆದುಳು ಹೇಗಿತ್ತು, ಲಿವರ್ ಹೇಗಿತ್ತು ಎಂಬುದೆಲ್ಲ ಅದರಲ್ಲಿದೆ. ಮೈಯ ಚಲನೆಯನ್ನು ನಿಯಂತ್ರಿಸುವ ಇನ್ನೊಂದು ಒಳವ್ಯವಸ್ಥೆ ಮೆದುಳಿನಲ್ಲಿದೆ ಎಂಬುದನ್ನು ಸೂಚಿಸುವ ಎಕ್ಸ್‌ಟ್ರಾಪಿರಮಿಡಲ್ ಎಂಬ ಮಾತು ಚಾಲ್ತಿಗೆ ಬಂದದ್ದೂ ಈ ಲೇಖನದಿಂದ. ಪಾರ್ಕಿನ್ಸನ್ ಕಾಯಿಲೆಯ ಬಗ್ಗೆ ಮಾತಾಡುವ ವೈದ್ಯರು ಇಂದಿಗೂ ಅದನ್ನು ಬಳಸುತ್ತಾರೆ.

ಊಹೆಯ ವಿಷಯಕ್ಕೆ ಬಂದರೆ ಅವರದ್ದು ಅರ್ಧ ಸರಿ, ಅರ್ಧ ತಪ್ಪು. ಲಿವರ್‌ಗೆ ಸಂಬಂಧಪಟ್ಟ ಯಾವುದೋ ವಿಷ ಮೆದುಳಿಗೆ ಏರಿ ಹಾಳು ಮಾಡುತ್ತಿದೆ ಎಂದು ಅವರು ಯೋಚಿಸಿದರು. ಇದು ಗುರಿಯ ಹತ್ತಿರಕ್ಕೇ ಹೋಗಿತ್ತು. ರೋಗ ಒಂದೇ ಕುಟುಂಬದ ಒಡಹುಟ್ಟಿದವರಲ್ಲಿ ಬರುತ್ತದೆ ಎಂದು ಸ್ಪಷ್ಟವಾಗಿ ಬರೆದರು. ಆದರೆ ತಂದೆತಾಯಿಗೆ ಇಲ್ಲದ ಕಾರಣ ಇದು ಅನುವಂಶಿಕವಲ್ಲ ಎಂದುಕೊಂಡರು. ಕಣ್ಣಿನ ಉಂಗುರವನ್ನು 1902ರಲ್ಲಿ ಕೈಸರ್, 1903ರಲ್ಲಿ ಫ್ಲೈಶರ್ ಎಂಬ ಜರ್ಮನ್ ವೈದ್ಯರು ಆಗಲೇ ಕಂಡಿದ್ದರು. ವಿಲ್ಸನ್ ಲೇಖನದಲ್ಲಿ ಅದರ ಪ್ರಸ್ತಾಪವೇ ಇಲ್ಲ. ಆದರೂ ಕಂಡದ್ದನ್ನು ಅವರು ನಿಖರವಾಗಿ ಬರೆದಿಟ್ಟಿದ್ದರಿಂದ ಊಹೆಯ ತಪ್ಪನ್ನು ಮುಂದಿನವರು ತಿದ್ದಿಕೊಂಡರು. 1921ರಲ್ಲಿ ಹಾಲ್ ಎಂಬವರು ಇದು ಅನುವಂಶಿಕವೇ ಎಂದು ವಾದಿಸಿದರು. ತಂದೆತಾಯಿ ಇಬ್ಬರೂ ದೋಷವಿರುವ ಜೀನ್‌ನ ಒಂದೊಂದು ಪ್ರತಿಯನ್ನು ಹೊತ್ತು, ತಾವು ಆರೋಗ್ಯವಾಗಿದ್ದುಕೊಂಡೇ ಮಕ್ಕಳಿಗೆ ದಾಟಿಸುತ್ತಾರೆ ಎಂಬುದು ಈಗ ಎಲ್ಲರೂ ಒಪ್ಪಿರುವ ಸಂಗತಿ.

ನಮ್ಮ ಕಡೆಯ ಮದುವೆಗಳ ಪ್ರಶ್ನೆ ಬರುವುದು ಇಲ್ಲಿಯೇ. ಈ ಕಾಯಿಲೆ ಸುಮಾರು 30 ಸಾವಿರ ಜನರಲ್ಲಿ ಒಬ್ಬರಿಗೆ ಬರುತ್ತದೆ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಬೇರೆ ಬೇರೆ ಮನೆತನದ ಇಬ್ಬರು ಒಂದೇ ದೋಷವನ್ನು ಹೊತ್ತು ಎದುರಾಗುವುದು ಅಪರೂಪ. ಸೋದರಮಾವ ಮತ್ತು ಸೊಸೆ ಒಂದೇ ಅಜ್ಜಿಯ ಕವಲು. ಆದ್ದರಿಂದ ಇಬ್ಬರಲ್ಲೂ ಅದೇ ದೋಷವಿರುವ ಸಂಭವ ಹೆಚ್ಚು. ಹಾಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ರಕ್ತಸಂಬಂಧದಲ್ಲಿ ಮದುವೆಯಾದ ಎಲ್ಲರ ಮಕ್ಕಳಿಗೂ ರೋಗ ಬರುತ್ತದೆ ಎಂದು ಇದರ ಅರ್ಥವಲ್ಲ. ನನ್ನ ಅಜ್ಜಿಯದ್ದೂ ಅಂಥದ್ದೇ ಮದುವೆ, ಆರು ಮಕ್ಕಳೂ ಗಟ್ಟಿಮುಟ್ಟಾಗಿದ್ದರು. ಆದರೆ ಅಂಥ ಮನೆಯಲ್ಲಿ ಮಗುವಿಗೆ ಕಾರಣ ತಿಳಿಯದ ಕಾಮಾಲೆ ಬಂದರೆ ಈ ಸಾಧ್ಯತೆ ನೆನಪಾಗಬೇಕು.

ವಿಲ್ಸನ್ ಊಹಿಸಿದ ವಿಷ ಯಾವುದು? ತಾಮ್ರ. 1913ರಲ್ಲೇ ರುಂಪೆಲ್ ಎಂಬವರು ಇಂಥ ರೋಗಿಯ ಲಿವರ್‌ನಲ್ಲಿ ತಾಮ್ರ ಹೆಚ್ಚಿರುವುದನ್ನು ಕಂಡಿದ್ದರು, ಯಾರೂ ಗಮನಿಸಲಿಲ್ಲ. 1948ರಲ್ಲಿ ಕಮಿಂಗ್ಸ್, ಅವರೂ ಕ್ವೀನ್ ಸ್ಕ್ವೇರ್‌ನವರೇ, ಮೆದುಳು ಮತ್ತು ಲಿವರ್ ಎರಡರಲ್ಲೂ ತಾಮ್ರ ಅಳೆದು ಖಚಿತಪಡಿಸಿದರು. ನಾವು ತಿನ್ನುವ ಬೇಳೆಕಾಳು, ಧಾನ್ಯಗಳಲ್ಲೆಲ್ಲ ತಾಮ್ರವಿದೆ. ದಿನಕ್ಕೆ ಒಂದೆರಡು ಮಿಲಿಗ್ರಾಂ ಹೊಟ್ಟೆ ಸೇರುತ್ತದೆ. ದೇಹಕ್ಕೆ ಅದು ಸ್ವಲ್ಪ ಬೇಕು. ಹೆಚ್ಚಾದದ್ದನ್ನು ಲಿವರ್ ಪಿತ್ತರಸಕ್ಕೆ ಸೇರಿಸುತ್ತದೆ, ಅದು ಪಿತ್ತನಾಳದ ಮೂಲಕ ಕರುಳಿಗೆ ಇಳಿದು ಮಲದೊಂದಿಗೆ ಹೊರಹೋಗುತ್ತದೆ. ತಾಮ್ರವನ್ನು ಪಿತ್ತರಸಕ್ಕೆ ತಳ್ಳುವ ಒಂದು ಪಂಪು ಲಿವರ್‌ನ ಜೀವಕೋಶಗಳಲ್ಲಿದೆ. ಅದನ್ನು ಕಟ್ಟುವ ಜೀನ್ 1993ರಲ್ಲಿ ಪತ್ತೆಯಾಯಿತು, ಹೆಸರು ಎಟಿಪಿ7ಬಿ. ಈ ಪಂಪು ಕೆಟ್ಟರೆ ತಾಮ್ರ ಹೊರಗೆ ಹೋಗದೆ ಲಿವರ್‌ನಲ್ಲೇ ಕೂಡುತ್ತದೆ. ಲಿವರ್ ತುಂಬಿದ ಮೇಲೆ ರಕ್ತಕ್ಕೆ ಹರಿದು ಮೆದುಳಿಗೆ, ಕಣ್ಣಿನ ಅಂಚಿಗೆ ಹೋಗಿ ನಿಲ್ಲುತ್ತದೆ. ಕಣ್ಣಿನ ಉಂಗುರ ಆ ತಾಮ್ರವೇ.

ಇದನ್ನು ಓದಿ ಯಾರೂ ಮನೆಯ ತಾಮ್ರದ ಬಿಂದಿಗೆ ಎಸೆಯಬೇಕಾಗಿಲ್ಲ. ತಾಮ್ರದ ಪಾತ್ರೆಯಲ್ಲಿಟ್ಟ ನೀರಿನಿಂದ ಈ ಕಾಯಿಲೆ ಹುಟ್ಟುವುದಿಲ್ಲ. ಆದರೆ ಕಾಯಿಲೆ ಇರುವವರು ಆ ನೀರು ಕುಡಿಯಬಾರದು. ನನ್ನ ತಂಗಿಯ ಕಚೇರಿಯಲ್ಲಿ ಒಮ್ಮೆ ಎಲ್ಲರಿಗೂ ತಾಮ್ರದ ಬಾಟಲಿ ಹಂಚಿದ್ದರಂತೆ. ಅವಳು ತನ್ನದನ್ನು ಪಕ್ಕದ ಟೇಬಲ್ಲಿನವಳಿಗೆ ಕೊಟ್ಟು ಸುಮ್ಮನಾದಳು.

ವಿಲ್ಸನ್ ಇದ್ಯಾವುದನ್ನೂ ನೋಡಲಿಲ್ಲ. 1912ರ ಲೇಖನ ಅವರಿಗೆ ಜಗತ್ತಿನಾದ್ಯಂತ ಹೆಸರು ತಂದಿತು. 1919ರಿಂದ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲೂ ಕೆಲಸ ಮಾಡಿದರು. 1920ರಲ್ಲಿ ನರರೋಗ ಮತ್ತು ಮನೋರೋಗಗಳ ಬಗ್ಗೆ ಒಂದು ಪತ್ರಿಕೆ ಹುಟ್ಟುಹಾಕಿ ಅದರ ಸಂಪಾದಕರಾದರು. ಸಿನಿಮಾ ಕ್ಯಾಮೆರಾ ಇನ್ನೂ ಹೊಸದಾಗಿದ್ದ 1920ರ ದಶಕದಲ್ಲೇ ರೋಗಿಗಳ ನಡುಕ, ನಡಿಗೆಗಳನ್ನು ಚಿತ್ರೀಕರಿಸಿ ಇಟ್ಟರು. ಕಂಡದ್ದನ್ನು ಉಳಿಸಿಡಬೇಕು ಎಂಬ ಹಟ ಅವರದ್ದು. ಪಾಠ ಮಾಡಲು ನಿಂತರೆ ಜನ ಕಿಕ್ಕಿರಿದು ಸೇರುತ್ತಿದ್ದರು, ಆದರೆ ಹತ್ತಿರ ಹೋಗಲು ಕಿರಿಯ ವೈದ್ಯರು ಅಂಜುತ್ತಿದ್ದರು. ನರರೋಗಗಳ ಬಗ್ಗೆ ದೊಡ್ಡ ಗ್ರಂಥವೊಂದನ್ನು ಬರೆಯುತ್ತಿದ್ದಾಗಲೇ ಕ್ಯಾನ್ಸರ್ ಬಂತು. 1937ರ ಮೇ 12ರಂದು, 58ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಗ್ರಂಥವನ್ನು ಅವರ ಹೆಂಡತಿಯ ಸೋದರ ನಿನಿಯನ್ ಬ್ರೂಸ್ ಸಿದ್ಧಪಡಿಸಿ 1940ರಲ್ಲಿ ಹೊರತಂದರು. ಮಗ ಜೇಮ್ಸ್ ಕಿನ್ನಿಯರ್ ವಿಲ್ಸನ್ ಬ್ಯಾಬಿಲೋನಿನ ಮಣ್ಣಿನ ಹಲಗೆಗಳ ಲಿಪಿ ಓದುವ ವಿದ್ವಾಂಸರಾಗಿ, ಅಲ್ಲಿನ ಪ್ರಾಚೀನ ವೈದ್ಯರು ಮೂರ್ಛೆರೋಗದ ಬಗ್ಗೆ ಬರೆದಿಟ್ಟದ್ದನ್ನು ಹೊರತೆಗೆದರು.

ಅವರ ಹೆಸರಿನ ಕಾಯಿಲೆಗೆ ಮದ್ದು ಸಿಗಲು ಇನ್ನೂ ಹತ್ತೊಂಬತ್ತು ವರ್ಷ ಬೇಕಾಯಿತು. ನಡುವೆ, ವಿಷಾನಿಲದ ವಿರುದ್ಧ ಎರಡನೇ ಮಹಾಯುದ್ಧದ ಕಾಲದಲ್ಲಿ ಕಂಡುಹಿಡಿದ ಒಂದು ಚುಚ್ಚುಮದ್ದು ತಾಮ್ರವನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ ಎಂದು ಗೊತ್ತಾಯಿತು, ಆದರೆ ಅದು ವಿಪರೀತ ನೋವಿನದು. 1952ರಲ್ಲಿ ಶೈನ್‌ಬರ್ಗ್ ಮತ್ತು ಗಿಟ್ಲಿನ್ ಈ ರೋಗಿಗಳ ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನ್ ಕಡಿಮೆ ಇರುತ್ತದೆ ಎಂದು ತೋರಿಸಿದರು. ಇಂದು ಪ್ರಯೋಗಾಲಯಗಳಲ್ಲಿ ಮೊದಲು ಮಾಡಿಸುವ ಪರೀಕ್ಷೆಗಳಲ್ಲಿ ಅದೂ ಒಂದು. 1956ರಲ್ಲಿ ಜಾನ್ ವಾಲ್ಷ್ ಎಂಬ ಇಂಗ್ಲಿಷ್ ವೈದ್ಯರು ಪೆನಿಸಿಲಮೈನ್ ಎಂಬ ನುಂಗುವ ಮದ್ದನ್ನು ಪ್ರಕಟಿಸಿದರು. ಪೆನಿಸಿಲಿನ್ ತೆಗೆದುಕೊಂಡವರ ಮೂತ್ರದಲ್ಲಿ ಈ ವಸ್ತು ಇರುವುದನ್ನು ಅವರು ಹಿಂದೆಯೇ ಗಮನಿಸಿದ್ದರು. ಇದರ ರಚನೆ ತಾಮ್ರವನ್ನು ಹಿಡಿಯುವಂತಿದೆ ಎಂಬುದು ಹೊಳೆದಾಗ, ರೋಗಿಗೆ ಕೊಡುವ ಮೊದಲು ತಾವೇ ನುಂಗಿ ನೋಡಿದರು. ಆಮೇಲೆ ಬೇರೆ ಮದ್ದುಗಳೂ, ಕರುಳಿನಲ್ಲೇ ತಾಮ್ರವನ್ನು ತಡೆಯುವ ಸತು ಅಂದರೆ ಜಿಂಕ್ ಕೂಡ ಬಂದವು. ಲಿವರ್ ಪೂರ್ತಿ ಕೈಕೊಟ್ಟವರಿಗೆ ಲಿವರ್ ಕಸಿ ಇದೆ.

ನಮ್ಮ ದೇಶದಲ್ಲಿ ಈ ಕಾಯಿಲೆಯ ದೊಡ್ಡ ಅಧ್ಯಯನವೊಂದು ನಡೆದದ್ದು ನಾವಿರುವ ಕಡೆಗೆ ಹತ್ತಿರದಲ್ಲೇ. ಡೊಂಬಿವಲಿಯಿಂದ ಲೋಕಲ್ ಹಿಡಿದು ಬೈಕುಲ್ಲಾದಲ್ಲಿ ಇಳಿದರೆ ಜೆ.ಜೆ. ಆಸ್ಪತ್ರೆ ದೂರವಿಲ್ಲ. ಅಲ್ಲಿ ದಾರಾಬ್ ದಸ್ತೂರ್, ನೋಶಿರ್ ವಾಡಿಯಾ ಮತ್ತು ಸಂಗಡಿಗರು 16 ಭಾರತೀಯ ಕುಟುಂಬಗಳಲ್ಲಿ ವಿಲ್ಸನ್ಸ್ ಕಾಯಿಲೆಯನ್ನು ಅಭ್ಯಾಸ ಮಾಡಿ 1968ರಲ್ಲಿ ಪ್ರಕಟಿಸಿದರು. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಈ ಕಾಯಿಲೆಗೆ ಹೆಸರಾದ ಜಾಗ. ಅಲ್ಲಿನ ವೈದ್ಯರು ಮೂರು ದಶಕಗಳಲ್ಲಿ ನೋಡಿದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಇಂಥ ಅಪರೂಪದ ಕಾಯಿಲೆಯಲ್ಲಿ ಅದು ದೊಡ್ಡ ಸಂಖ್ಯೆ. ಆ ರೋಗಿಗಳಲ್ಲಿ ಗಣನೀಯ ಪಾಲು ರಕ್ತಸಂಬಂಧದ ಮದುವೆಗಳಿಂದ ಹುಟ್ಟಿದವರು.

ಊರಿಂದ ದೂರವಿರುವ ನಮ್ಮಂಥವರಿಗೆ ಇದರಲ್ಲಿ ಮಾಡಬಹುದಾದ ಕೆಲಸವಿದೆ. ಊರಲ್ಲಿ ಕಾಯಿಲೆ ಬಿದ್ದರೆ ಮೊದಲ ಫೋನು ಬರುವುದು ನಮಗೇ, ಹಣಕ್ಕೂ ಸಲಹೆಗೂ. ಮಗುವಿಗೆ ಕಾಮಾಲೆ ಮತ್ತೆ ಮತ್ತೆ ಬರುತ್ತಿದೆ, ಹೆಪಟೈಟಿಸ್ ಪರೀಕ್ಷೆಯಲ್ಲಿ ಏನೂ ಸಿಗುತ್ತಿಲ್ಲ ಎಂದಾಗ, ಓದುವ ಹುಡುಗನ ಕೈಬರಹ, ಮಾತು ಇದ್ದಕ್ಕಿದ್ದಂತೆ ಕೆಟ್ಟಿದೆ ಎಂದಾಗ, ವಿಲ್ಸನ್ಸ್ ಇರಬಹುದೇ ಎಂದು ವೈದ್ಯರನ್ನು ಕೇಳಲು ಹೇಳಿ. ಒಂದು ಮಗುವಿಗೆ ಖಚಿತವಾದರೆ ಒಡಹುಟ್ಟಿದವರೆಲ್ಲರನ್ನೂ, ಕುಣಿದಾಡಿಕೊಂಡಿದ್ದರೂ, ಪರೀಕ್ಷೆ ಮಾಡಿಸಿ. ಮದ್ದು ಶುರುವಾದ ಮೇಲೆ ಹುಷಾರಾದೆ ಎಂದು ನಡುವೆ ನಿಲ್ಲಿಸಲು ಬಿಡಬೇಡಿ. ಅದು ಜೀವನಪರ್ಯಂತದ ಮದ್ದು, ನಿಲ್ಲಿಸಿದವರಿಗೆ ಲಿವರ್ ಒಮ್ಮೆಲೇ ಕೈಕೊಡುವ ಅಪಾಯವಿದೆ.

ವಿಲ್ಸನ್ ಕಂಡ ಆ ನಾಲ್ವರಲ್ಲಿ ಒಬ್ಬರನ್ನೂ ಉಳಿಸಲು ಅವರಿಗಾಗಲಿಲ್ಲ. ಅವರ ಕೈಯಲ್ಲಿದ್ದದ್ದು ಲೇಖನಿ, ಸೂಕ್ಷ್ಮದರ್ಶಕ ಮತ್ತು ತಾಳ್ಮೆ. ಆ ಮಕ್ಕಳು ಹೇಗೆ ನರಳಿದರು, ಅವರ ಅಣ್ಣತಮ್ಮ ಅಕ್ಕತಂಗಿಯರಿಗೆ ಏನಾಯಿತು ಎಂಬುದನ್ನು ಒಂದನ್ನೂ ಬಿಡದೆ ಬರೆದಿಟ್ಟರು. ಒಡಹುಟ್ಟಿದವರನ್ನೂ ನೋಡಬೇಕು ಎಂಬ ತಿಳಿವಳಿಕೆಯ ಬೇರು ಆ ಪುಟಗಳಲ್ಲಿದೆ. ನೂರು ವರ್ಷ ಕಳೆದ ಮೇಲೆ ಅದೇ ಮಾತು ಬೆಂಗಳೂರಿನ ಒಬ್ಬ ವೈದ್ಯರ ಬಾಯಲ್ಲಿ ನನ್ನ ಚಿಕ್ಕಮ್ಮನ ಕಿವಿಗೆ ಬಿತ್ತು.